ನಾಲ್ಕನೇ ಬೋರ್ಡ್: ಟೋನರ್, ತಾಮ್ರ ಮತ್ತು ಬೀದಿಯ ಇಸ್ತ್ರಿ ಪೆಟ್ಟಿಗೆ

ಅಂಗೈ ಅಗಲದ ಒಂದು ಪಿಸಿಬಿ, ಅಂದರೆ ತಂತಿಯ ಬದಲು ತಾಮ್ರದ ಗೆರೆಗಳಿರುವ ಸರ್ಕ್ಯೂಟ್ ಬೋರ್ಡ್, ಮನೆಯಲ್ಲೇ ಮಾಡಲು ಡಿಸೆಂಬರ್ ತಿಂಗಳು ಪೂರ್ತಿ ಹಿಡಿಯಿತು. ಮೂರು ಬೋರ್ಡ್ ಹಾಳಾದವು. ನಾಲ್ಕನೆಯದು ಈಗ ಅಡುಗೆಮನೆ ಬಾಗಿಲ ಪಕ್ಕದ ಗೋಡೆಯ ಮೇಲಿದೆ. ಹಾಳಾದ ಮೂರನ್ನೂ ಎಸೆದಿಲ್ಲ, ಬರೆಯುವಾಗ ಎದುರಿಗೇ ಇಟ್ಟುಕೊಂಡಿದ್ದೇನೆ. ಒಂದೊಂದೂ ಬೇರೆ ಬೇರೆ ಕಾರಣಕ್ಕೆ ಹಾಳಾದವು. ನೀವು ಮಾಡಲು ಹೊರಟರೆ ಕೊನೇಪಕ್ಷ ಈ ಮೂರು ತಪ್ಪು ಆಗದಿರಲಿ.

ಮಾಡಲು ಹೊರಟಿದ್ದು ಟ್ಯಾಂಕಿನ ನೀರಿನ ಮಟ್ಟ ತೋರಿಸುವ ಬೋರ್ಡ್. ನಮ್ಮದು ಹನುಮಂತನಗರದ ಹಳೇ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಬಂದು ಸಂಪಿಗೆ ಬೀಳುತ್ತದೆ. ಅಲ್ಲಿಂದ ಮೋಟರ್ ಹಾಕಿ ಮೇಲಿನ 1000 ಲೀಟರ್ ಟ್ಯಾಂಕಿಗೆ ಏರಿಸಬೇಕು. ಎಷ್ಟು ತುಂಬಿದೆ ಅಂತ ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ನೀರು ಚೆಲ್ಲುವ ಸದ್ದು ಕೇಳಿದ ಮೇಲೇ ಅಮ್ಮ ಒಲೆ ಬಿಟ್ಟು ಓಡುವುದು. ಅಷ್ಟರಲ್ಲಿ ಎರಡು ಬಕೆಟ್ ನೀರು ಮೋರಿಗೆ ಹೋಗಿರುತ್ತದೆ.

ಸರ್ಕ್ಯೂಟ್ ಸುಲಭದ್ದು. ಯುಎಲ್‌ಎನ್2003 ಎಂಬ 16 ಕಾಲಿನ ಐಸಿ (ಚಿಪ್), ಆರು ಎಲ್‌ಇಡಿ, ಒಂದೊಂದಕ್ಕೂ 330 ಓಮ್ ರೆಸಿಸ್ಟರ್, ಒಂದು ಬಜರ್. ಟ್ಯಾಂಕಿನ ತಳದ ತಂತಿಗೆ 5 ವೋಲ್ಟ್ ಕೊಡುತ್ತೇವೆ. ನೀರು ಏರಿದಂತೆ ಮೇಲಿನ ಆರು ತಂತಿ ಒಂದೊಂದಾಗಿ ನೆನೆಯುತ್ತವೆ, ಒಂದೊಂದು ದೀಪ ಹತ್ತುತ್ತದೆ. ಐಸಿಯಲ್ಲಿ ಏಳು ದಾರಿ ಇವೆ. ಏಳನೆಯದನ್ನು ಆರನೆಯದಕ್ಕೆ ಜೋಡಿಸಿ ಬಜರಿಗೆ ಬಿಟ್ಟೆ. ಕರೆಂಟು ಹಳೇ ಮೊಬೈಲ್ ಚಾರ್ಜರಿನಿಂದ. 230 ವೋಲ್ಟ್ ಈ ಬೋರ್ಡಿನ ಹತ್ತಿರ ಬರುವುದೇ ಇಲ್ಲ, ಮೋಟರಿನ ಸ್ವಿಚ್ ಕೈಯಲ್ಲೇ ಆರಿಸುವುದು. ಮೊದಲ ಸಲ ಮನೆಯಲ್ಲಿ ಬೋರ್ಡ್ ಮಾಡುವವರು ಹೀಗೇ ಶುರುಮಾಡುವುದು ಒಳ್ಳೆಯದು. ಮಾಡುವ ದಾರಿ ಇಷ್ಟು: ಗೆರೆಗಳ ನಕ್ಷೆಯನ್ನು ಲೇಸರ್ ಪ್ರಿಂಟರಿನಲ್ಲಿ ಕಾಗದದ ಮೇಲೆ ಹಾಕಿಸಿ, ಅದರ ಟೋನರನ್ನು (ಪ್ರಿಂಟರಿನ ಕಪ್ಪು ಪುಡಿ) ಇಸ್ತ್ರಿಯ ಬಿಸಿಯಲ್ಲಿ ತಾಮ್ರಕ್ಕೆ ಅಂಟಿಸುವುದು. ಆಮೇಲೆ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಟೋನರ್ ಮುಚ್ಚದ ತಾಮ್ರ ಕರಗಿಹೋಗಿ ಗೆರೆಗಳು ಉಳಿಯುತ್ತವೆ. ಇದೇ ಎಚ್ಚಿಂಗ್.

ಡಿಸೆಂಬರ್ 7, ಶನಿವಾರ: ಸಾಮಾನು

ನ್ಯಾಷನಲ್ ಕಾಲೇಜಿನಿಂದ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದೆ. ತಾಮ್ರದ ಹಾಳೆ ಅಂಟಿಸಿದ ಬೋರ್ಡ್ ಎರಡು ಥರ ಸಿಗುತ್ತದೆ. ಕಂದು ಬಣ್ಣದ ಪೇಪರ್ ಫಿನಾಲಿಕ್, ತಿಳಿ ಹಸಿರು ಬಣ್ಣದ ಗ್ಲಾಸ್ ಎಪಾಕ್ಸಿ. ಕಂದು ಬೋರ್ಡ್ ಅಗ್ಗ, ತೂತು ಕೊರೆಯುವುದೂ ಸಲೀಸು, ಆದರೆ ಬಿಸಿಗೆ ಬಾಗುತ್ತದೆ. ಇಸ್ತ್ರಿ ಇಡುವ ಕೆಲಸ ಅಲ್ವಾ, ಅದಕ್ಕೇ ಗ್ಲಾಸ್ ಎಪಾಕ್ಸಿ ತಗೊಂಡೆ. ಒಂದು ಬದಿ ತಾಮ್ರ, 1.6 ಮಿ.ಮೀ. ದಪ್ಪ, 6 x 4 ಇಂಚು, 110 ರೂ. ಫೆರಿಕ್ ಕ್ಲೋರೈಡ್ ಪುಡಿ 250 ಗ್ರಾಂ 90 ರೂ. 12 ವೋಲ್ಟಿನ ಪುಟ್ಟ ಕೈ ಡ್ರಿಲ್ 380. ಬಿಟ್ 20 ರೂಪಾಯಿಗೊಂದು, 0.8 ಮತ್ತು 1 ಮಿ.ಮೀ. ಅಸಿಟೋನ್ 70. ಐಸಿ, ಅದರ ಬೇಸ್, ಎಲ್‌ಇಡಿ, ಬಜರ್, ಸ್ಕ್ರೂ ಟರ್ಮಿನಲ್ ಎಲ್ಲ ಸೇರಿ 115. ವಾಟರ್ ಪೇಪರ್ ಮತ್ತು ಪಾತ್ರೆ ಉಜ್ಜುವ ಸ್ಕ್ರಬ್ಬರ್ 30, ಮಾರ್ಕರ್ 25.

ಕಾಗದದ್ದೇ ಒಂದು ಕಥೆ. ಇಂಕ್‌ಜೆಟ್ ಫೋಟೋ ಪೇಪರ್ ತಗೊಂಡು ನಮ್ಮ ಬೀದಿಯ ಜೆರಾಕ್ಸ್ ಅಂಗಡಿಗೆ ಹೋದೆ. ಅವರು ಮುಟ್ಟಿ ನೋಡಿ ವಾಪಸ್ ಕೊಟ್ಟರು. ಅವರು ಹೇಳಿದ್ದು ಸರಿಯೇ. ಆ ಕಾಗದದ ಮೇಲಿನ ಪದರ ಲೇಸರ್ ಪ್ರಿಂಟರಿನ ಬಿಸಿ ರೋಲರಿಗೆ ಕರಗಿ ಅಂಟಿಕೊಂಡರೆ ಯಂತ್ರವೇ ಕೆಡುತ್ತದೆ. ವಾರಪತ್ರಿಕೆಯ ನುಣುಪು ಹಾಳೆ ಕೊಟ್ಟರೆ ತೆಳ್ಳಗಿದ್ದು ಒಳಗೆ ಸಿಕ್ಕಿಕೊಂಡಿತು. ಕೊನೆಗೆ ಅವೆನ್ಯೂ ರಸ್ತೆಯಲ್ಲಿ 130 ಜಿಎಸ್‌ಎಂ ಆರ್ಟ್ ಪೇಪರ್ ಸಿಕ್ಕಿತು, ಹತ್ತು ಹಾಳೆಗೆ 60 ರೂ. ಕರಪತ್ರ, ಕ್ಯಾಲೆಂಡರ್ ಅಚ್ಚು ಹಾಕುವ ಕಾಗದವೇ ಇದು. ಮೇಲೆ ಜೇಡಿಯ ತೆಳು ಲೇಪ ಇರುತ್ತದೆ, ನೀರಿಗೆ ಹಾಕಿದರೆ ಬಿಟ್ಟುಕೊಳ್ಳುತ್ತದೆ. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಡಿಸೆಂಬರ್ 8, ಭಾನುವಾರ: ಪ್ರಿಂಟ್

ಕೀಕ್ಯಾಡ್ ಎಂಬ ಸಾಫ್ಟ್‌ವೇರ್‌ನಲ್ಲಿ ನಕ್ಷೆ ಮಾಡಿದೆ. ಅಳತೆ 70 x 45 ಮಿ.ಮೀ. ಹೀಗಾದರೆ 6 x 4 ಇಂಚಿನ ತಾಮ್ರದ ಬೋರ್ಡಿನಲ್ಲಿ ಸರಿಯಾಗಿ ನಾಲ್ಕು ತುಂಡು ಬರುತ್ತದೆ. ಪಿಡಿಎಫ್ ತಗೊಂಡು ಹೋಗಿ ಪ್ರಿಂಟ್ ಹಾಕಿಸಿದೆ, ಒಂದಕ್ಕೆ 10 ರೂ.

ಬೋರ್ಡಿಗೆ ಇಡುವ ಮುಂಚೆ ಕಾಗದವನ್ನು ಥರ್ಮೋಕೋಲ್ ಮೇಲಿಟ್ಟು ಐಸಿಯನ್ನು ಅದರಲ್ಲಿ ಚುಚ್ಚಿ ನೋಡಿದೆ. ಒಂದನೇ ಕಾಲು ಸರಿ ಕೂತಿತು, ಎಂಟನೇ ಕಾಲು ಪ್ಯಾಡಿನ (ಕಾಲು ಬೆಸೆಯುವ ತಾಮ್ರದ ಬಿಲ್ಲೆ) ಅಂಚಿಗೆ ಹೋಯಿತು. ಒಂದರಿಂದ ಎಂಟಕ್ಕೆ 17.78 ಮಿ.ಮೀ. ಇರಬೇಕು, ಸ್ಕೇಲ್ ಇಟ್ಟರೆ 17 ಚಿಲ್ಲರೆ ಇತ್ತು. ಪ್ರಿಂಟ್ ಮಾಡುವಾಗ ‘ಪುಟಕ್ಕೆ ಹೊಂದಿಸು’ ಅಂತ ಇದ್ದದ್ದರಿಂದ ಚಿತ್ರ ಸ್ವಲ್ಪ ಕುಗ್ಗಿತ್ತು. ‘ನಿಜ ಅಳತೆ’, ಅಂದರೆ ನೂರಕ್ಕೆ ನೂರು ಅಂತ ಕೇಳಿ ಹಾಕಿಸಬೇಕು. ಟೋನರ್ ಉಳಿಸುವ ಸೆಟ್ಟಿಂಗ್ ಇದ್ದರೆ ತೆಗೆಸಬೇಕು. ಆಮೇಲಿನ ಪಿಡಿಎಫ್‌ಗಳಲ್ಲೆಲ್ಲ ಮೂಲೆಯಲ್ಲಿ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿದೆ. ಅಂಗಡಿಯಲ್ಲೇ ಸ್ಕೇಲ್ ಇಟ್ಟು ನೋಡಿಬಿಡಬಹುದು.

ಅದೇ ಸಂಜೆ: ಒಂದನೇ ಬೋರ್ಡ್

ತಾಮ್ರ ಹೊಸದು, ಫಳಫಳ ಅಂತಿತ್ತು. ಒಣ ಬಟ್ಟೆಯಲ್ಲಿ ಒರೆಸಿ ಹಾಗೇ ಕಾಗದ ಇಟ್ಟೆ. ಇದೇ ತಪ್ಪು. ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ಕಾಟನ್‌ಗೆ ತಿರುಗಿಸಿ ನಾಲ್ಕು ನಿಮಿಷ ಒತ್ತಿ, ಹತ್ತು ನಿಮಿಷ ನೀರಲ್ಲಿ ನೆನೆಸಿ, ಕಾಗದ ಸುಲಿದೆ. ಟೋನರ್ ಅರ್ಧ ಕಾಗದದ ಜೊತೆಗೇ ಎದ್ದು ಬಂತು. ಎಡಗಡೆ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗುರುತು ಕಾಣುವಷ್ಟು ಸ್ಪಷ್ಟವಾಗಿ ಖಾಲಿ ಬಿಟ್ಟಿತ್ತು. ಕೈಯ ಜಿಡ್ಡು ಅಷ್ಟು ಸಾಕು.

ಆಗಲೇ ಅಸಿಟೋನ್ ಹಾಕಿ ಒರೆಸಿ ಮತ್ತೆ ಶುರುಮಾಡಿದ್ದರೆ ಬೋರ್ಡ್ ಉಳಿಯುತ್ತಿತ್ತು. ಎಚ್ಚಿಂಗ್‌ಗೆ ಹಾಕುವ ತನಕ ಏನು ಬೇಕಾದರೂ ಅಳಿಸಿ ಮತ್ತೆ ಮಾಡಬಹುದು. ನಾನು ಬಿಟ್ಟುಹೋದ ಗೆರೆಗಳನ್ನೆಲ್ಲ ಮಾರ್ಕರ್‌ನಲ್ಲಿ ತಿದ್ದಿ ಫೆರಿಕ್ ಕ್ಲೋರೈಡ್‌ಗೆ ಇಳಿಸಿದೆ. ಒಂದೇ ಸುತ್ತು ಎಳೆದ ಮಾರ್ಕರ್ ಗೆರೆ ದ್ರಾವಣದಲ್ಲಿ ನಿಲ್ಲಲಿಲ್ಲ, ತಿದ್ದಿದ ಕಡೆಯೆಲ್ಲ ತಾಮ್ರ ಹೋಯಿತು. ಅಲ್ಲೊಂದು ಇಲ್ಲೊಂದು ಚುಕ್ಕೆ ಮುಚ್ಚಲು ಮಾರ್ಕರ್ ಸರಿ, ಅದೂ ಒಣಗಿಸಿ ಎರಡು ಮೂರು ಸಲ ಎಳೆಯಬೇಕು. ಇಡೀ ಗೆರೆ ಬರೆಯಲು ಆಗುವುದಿಲ್ಲ.

ದ್ರಾವಣ ಮಾಡುವ ಬಗ್ಗೆ ಒಂದು ಮಾತು. ಅರ್ಧ ಲೀಟರ್ ನೀರಿಗೆ ಪುಡಿಯನ್ನು ಚಮಚ ಚಮಚವಾಗಿ ಹಾಕಬೇಕು. ಪುಡಿಯ ಮೇಲೆ ನೀರು ಸುರಿಯಬಾರದು. ಹಾಕುತ್ತಿದ್ದಂತೆ ಡಬ್ಬ ಕೈಗೆ ಸುಡುವಷ್ಟು ಬಿಸಿಯಾಯಿತು. ಡಬ್ಬ ಪ್ಲಾಸ್ಟಿಕ್ಕಿನದೇ ಇರಲಿ, ಸ್ಟೀಲ್ ಪಾತ್ರೆ, ಸ್ಟೀಲ್ ಸಿಂಕ್ ಹತ್ತಿರವೂ ತರಬೇಡಿ. ಕೈಗೆ ಗ್ಲವ್ಸ್, ಕಣ್ಣಿಗೆ ಕನ್ನಡಕ, ಕಿಟಕಿ ತೆಗೆದಿರಬೇಕು. ಬಚ್ಚಲುಮನೆಯ ಟೈಲ್ಸ್ ಸಂದಿಯಲ್ಲಿ ಎರಡು ಹನಿ ಬಿದ್ದದ್ದು ಇವತ್ತಿಗೂ ತುಕ್ಕಿನ ಬಣ್ಣದಲ್ಲಿ ಇದೆ. ಅಮ್ಮನಿಗೆ ಅದು ಇನ್ನೂ ಬೇಜಾರು.

ಡಿಸೆಂಬರ್ 14, ಶನಿವಾರ: ಎರಡನೇ ಬೋರ್ಡ್

ಈ ಸಲ ತಾಮ್ರವನ್ನು 600 ನಂಬರ್ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ವೃತ್ತಾಕಾರವಾಗಿ ಉಜ್ಜಿದೆ. ಆಮೇಲೆ ಪಾತ್ರೆ ಸೋಪು, ಹಸಿರು ಸ್ಕ್ರಬ್ಬರ್. ತೊಳೆದಾಗ ನೀರು ಹನಿ ಹನಿಯಾಗಿ ಒಡೆಯದೆ ಇಡೀ ತಾಮ್ರದ ಮೇಲೆ ಒಂದೇ ಪದರವಾಗಿ ನಿಂತರೆ ಜಿಡ್ಡು ಹೋಗಿದೆ ಎಂದು ಅರ್ಥ. ಒಣಗಿಸಿ ಕೊನೆಗೊಮ್ಮೆ ಅಸಿಟೋನ್‌ನಲ್ಲಿ ಒರೆಸಿ, ಅಂಚು ಮಾತ್ರ ಹಿಡಿದುಕೊಂಡೆ. ನಕ್ಷೆಯಲ್ಲೂ ಒಂದು ಬದಲಾವಣೆ ಮಾಡಿದೆ. ಮೊದಲು ಗೆರೆ 0.3 ಮಿ.ಮೀ. ಇಟ್ಟಿದ್ದೆ, ಅದನ್ನು 0.8 ಮಾಡಿದೆ, ಪ್ಯಾಡ್ 2 ಮಿ.ಮೀ. ಜಾಗ ಧಾರಾಳವಾಗಿರುವಾಗ ಸಣ್ಣ ಗೆರೆ ಯಾಕೆ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಟೋನರ್ ಚೆನ್ನಾಗಿ ಅಂಟಿತು. ಆದರೆ ನಡುವೆ ಅಂಟಿದ್ದು ಅಂಚಿನಲ್ಲಿ ಅಂಟಿರಲಿಲ್ಲ. ನಮ್ಮ ಪೆಟ್ಟಿಗೆ ಹಗುರದ್ದು, ಒಂದು ಕಿಲೋ ಇದ್ದರೆ ಹೆಚ್ಚು. ಭಾರ ಇಲ್ಲವಲ್ಲ ಎಂದು ಮೈಭಾರ ಬಿಟ್ಟು ಒತ್ತಿ, ಬಟ್ಟೆಗೆ ಉಜ್ಜುವ ಹಾಗೆ ಹಿಂದೆ ಮುಂದೆ ಉಜ್ಜಿದೆ. ಕಾಗದ ಕೂದಲೆಳೆಯಷ್ಟು ಸರಿಯಿತು. ಕರಗಿದ ಟೋನರ್ ಐಸಿಯ ಕಾಲುಗಳ ನಡುವೆ ಬೆಣ್ಣೆ ಹಾಗೆ ಹರಡಿತು. ಬ್ಲೇಡಿನಲ್ಲಿ ಕೆರೆದು ಬಿಡಿಸಿ ಎಚ್ಚಿಂಗ್‌ಗೆ ಹಾಕಿದೆ.

ಅವತ್ತು ರಾತ್ರಿ ಚಳಿ ಜಾಸ್ತಿ ಇತ್ತು, ದ್ರಾವಣ ತಣ್ಣಗಿತ್ತು. ಡಬ್ಬ ಸುಮ್ನೆ ಇಟ್ಟು ಊಟಕ್ಕೆ ಹೋದೆ. ಒಂದು ಗಂಟೆ ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ, ನಡುವೆ ಇನ್ನೂ ತಾಮ್ರ ಉಳಿದಿದೆ, ಅಂಚಿನ ಗೆರೆಗಳು ಟೋನರಿನ ಅಡಿಯಿಂದ ಸವೆದು ದಾರದಂತಾಗಿವೆ, ಎರಡು ಕಡೆ ತುಂಡಾಗಿವೆ. ಎಚ್ಚಿಂಗ್ ಬಿಟ್ಟು ಎದ್ದು ಹೋಗಬಾರದು. ಈಗ ದೊಡ್ಡ ಟಬ್ಬಿನಲ್ಲಿ ಸ್ನಾನದ ಬಿಸಿಯ ನೀರು ಹಾಕಿ, ಅದರೊಳಗೆ ದ್ರಾವಣದ ಡಬ್ಬ ಇಟ್ಟು, ಬಿಡದೆ ಅತ್ತಿತ್ತ ತೂಗುತ್ತೇನೆ. 18ರಿಂದ 20 ನಿಮಿಷಕ್ಕೆ ಮುಗಿಯುತ್ತದೆ.

ಡಿಸೆಂಬರ್ 21, ಶನಿವಾರ: ಇಸ್ತ್ರಿ ಅಂಗಡಿ

ಈ ಇಡೀ ಕೆಲಸದಲ್ಲಿ ನನಗೆ ಪಾಠವಾದದ್ದು ಇಲ್ಲಿ.

ನಮ್ಮ ರಸ್ತೆಯ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ತಳ್ಳುಗಾಡಿ ಇಟ್ಟುಕೊಂಡು ಇಸ್ತ್ರಿ ಮಾಡುವ ಅಣ್ಣ ಇದ್ದಾರೆ. ಇದ್ದಿಲ ಪೆಟ್ಟಿಗೆ, ಎತ್ತಿ ನೋಡಿದರೆ ಐದಾರು ಕಿಲೋ ಇದೆ. ಶರಟು ಕೊಡಲು ಹೋದಾಗ ನನ್ನ ಎರಡನೇ ಬೋರ್ಡ್ ತೋರಿಸಿ ಹೀಗೀಗೆ ಅಂತ ಹೇಳಿದೆ. ಅವರು ಹರಡಿದ ಟೋನರನ್ನು ಉಗುರಿನಲ್ಲಿ ಮುಟ್ಟಿ ನೋಡಿದರು.

“ಉಜ್ಜಿದೀರ ಸಾರ್ ನೀವು.”

“ಹೌದಣ್ಣ, ಅಂಟಲಿ ಅಂತ.”

“ರೇಷ್ಮೆ ಸೀರೆ ಜರಿ ಅಂಚು ನಾವು ಉಜ್ಜೋದಿಲ್ಲ. ಉಜ್ಜಿದ್ರೆ ಸುಕ್ಕು ಬೀಳುತ್ತೆ. ಇಡೋದು, ಎತ್ತೋದು, ಪಕ್ಕಕ್ಕೆ ಇಡೋದು. ಭಾರ ಪೆಟ್ಟಿಗೇನೇ ಹಾಕುತ್ತೆ, ಕೈ ಯಾಕೆ ಹಾಕ್ಬೇಕು?”

ಮನೆಗೆ ಓಡಿ ಮೂರನೇ ತುಂಡು ಉಜ್ಜಿ ತೊಳೆದು ತಂದೆ. ಕಾಗದವನ್ನು ಬೋರ್ಡಿನ ಹಿಂದಕ್ಕೆ ಮಡಚಿ ಅಂಟು ಟೇಪ್ ಹಾಕಿದ್ದೆ, ಜರುಗದ ಹಾಗೆ. ಟೇಪು ಹಿಂಬದಿಯಲ್ಲೇ ಇರಬೇಕು, ಬಿಸಿ ತಗಲುವ ಕಡೆ ಬೇಡ. ಅವರು ಮೇಜಿನ ಮೇಲಿನ ದಪ್ಪ ಕಂಬಳಿ ಸರಿಸಿ ಹಲಗೆಯ ಮೇಲೇ ಬೋರ್ಡ್ ಇಟ್ಟರು. ಕಂಬಳಿ ಮೆತ್ತಗೆ, ಅಂಚು ಒಳಗೆ ಇಳಿದುಬಿಡುತ್ತದೆ ಅಂದರು. ನನಗೆ ಇದು ಹೊಳೆದೇ ಇರಲಿಲ್ಲ, ಮನೆಯಲ್ಲಿ ಎರಡು ಸಲವೂ ಮಡಚಿದ ಬೆಡ್‌ಶೀಟ್ ಮೇಲೆ ಇಟ್ಟಿದ್ದೆ. ಮೇಲೆ ಹಳೇ ಪಂಚೆಯ ತುಂಡು ಒಂದೇ ಪದರ ಹಾಸಿದರು. ನೀರು ಚಿಮುಕಿಸಬೇಡಿ ಅಂತ ನಾನು ಹೇಳಿದೆ. ಪೆಟ್ಟಿಗೆ ಇಟ್ಟರು. ಇಡೀ ಬೋರ್ಡ್ ಅದರ ಅಡಿಗೆ ಮುಚ್ಚಿಹೋಯಿತು. ಮೊಬೈಲ್ ನೋಡಿಕೊಂಡು ಒಂದು ನಿಮಿಷ ಎಣಿಸಿದೆ. ಎತ್ತಿ, ಬೋರ್ಡ್ ತಿರುಗಿಸಿ, ಮತ್ತೆ ಒಂದು ನಿಮಿಷ. ಕೊನೆಗೆ ಪೆಟ್ಟಿಗೆಯ ಮೂತಿಯನ್ನು ನಾಲ್ಕೂ ಮೂಲೆಗೆ ಹತ್ತು ಹತ್ತು ಸೆಕೆಂಡ್ ಒತ್ತಿದರು. ಅಷ್ಟೆ. ಒಟ್ಟು ಮೂರು ನಿಮಿಷವೂ ಆಗಲಿಲ್ಲ. 20 ರೂ. ಕೊಟ್ಟೆ.

ಮನೆಗೆ ಬಂದು ಪೂರ್ತಿ ತಣ್ಣಗಾಗಲು ಬಿಟ್ಟು, ಇಪ್ಪತ್ತು ನಿಮಿಷ ನೆನೆಸಿದೆ. ಕಾಗದ ಎಳೆಯಲಿಲ್ಲ. ಹೆಬ್ಬೆರಳಿನಲ್ಲಿ ಮೆಲ್ಲಗೆ ತಿಕ್ಕಿದರೆ ಸುರುಳಿ ಸುರುಳಿಯಾಗಿ ಬಂತು. ಗೆರೆಗಳ ನಡುವಿನ ಬಿಳಿ ನಾರನ್ನು ಹಳೇ ಹಲ್ಲುಜ್ಜುವ ಬ್ರಶ್‌ನಲ್ಲಿ ತೆಗೆದೆ. ಅದು ಉಳಿದರೆ ಅಲ್ಲಿ ತಾಮ್ರ ಕರಗುವುದಿಲ್ಲ. ಒಂದೇ ಒಂದು ಗೆರೆಯೂ ತುಂಡಾಗಿರಲಿಲ್ಲ. ಆ ಕಪ್ಪು ಗೆರೆಗಳನ್ನು ಬೆಳಕಿಗೆ ಹಿಡಿದು ನೋಡುವಾಗ ಆದ ಖುಷಿ ಹೇಳಲಾರೆ.

ಡಿಸೆಂಬರ್ 22, ಭಾನುವಾರ: ಮೂರನೇ ಬೋರ್ಡ್ ಉಲ್ಟಾ

ಎಚ್ಚಿಂಗ್ 19 ನಿಮಿಷ. ತೊಳೆದು, ಟೋನರ್ ಒರೆಸದೆ ತೂತು ಕೊರೆಯಲು ಕೂತೆ. ಪ್ಯಾಡಿನ ನಡುವೆ ಚುಕ್ಕೆಯಷ್ಟು ಖಾಲಿ ಬಿಡಿಸಿದ್ದೆ. ಅಲ್ಲಿ ತಾಮ್ರ ಹೋಗಿ ಕುಳಿ ಬಿದ್ದಿರುತ್ತದೆ, ಬಿಟ್ಟಿನ ತುದಿ ಜಾರದೆ ಅಲ್ಲೇ ಕೂರುತ್ತದೆ. ಆದರೂ ಕೈ ಅಲ್ಲಾಡಿ 0.8ರ ಬಿಟ್ ಮುರಿಯಿತು. ಗ್ಲಾಸ್ ಎಪಾಕ್ಸಿಗೆ ಸಾಧಾರಣ ಸ್ಟೀಲ್ ಬಿಟ್ ಬೇಗ ಮೊಂಡಾಗುತ್ತದೆ. ಮೊಂಡಾದದ್ದನ್ನು ಒತ್ತಿದರೆ ಮುರಿಯುತ್ತದೆ. 1 ಮಿ.ಮೀ. ಬಿಟ್ಟಿನಲ್ಲೇ ಉಳಿದ ತೂತು ಮಾಡಿದೆ. ಗಾಜಿನ ಧೂಳು ಮೂಗಿಗೆ ಹೋಗಬಾರದು, ಮಾಸ್ಕ್ ಹಾಕಿಕೊಳ್ಳಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಐಸಿ ಬೇಸ್ ಬೆಸೆದು ಮಲ್ಟಿಮೀಟರ್ ಇಟ್ಟೆ. ಗ್ರೌಂಡ್ (ಕರೆಂಟಿನ ಮೈನಸ್ ಕಡೆ) ಎಂಟನೇ ಕಾಲಿಗೆ ಬರಬೇಕು. ಒಂಬತ್ತಕ್ಕೆ ಬಂದಿತ್ತು. ಟ್ಯಾಂಕಿನ ತಂತಿ ಒಂದನೇ ಕಾಲಿಗೆ ಹೋಗಬೇಕು, ಹದಿನಾರಕ್ಕೆ ಹೋಗಿತ್ತು. ಇಡೀ ಬೋರ್ಡ್ ಕನ್ನಡಿಯಲ್ಲಿ ಕಂಡ ಹಾಗೆ.

ಪ್ರಿಂಟ್ ಮಾಡುವಾಗ ಕನ್ನಡಿ ಬಿಂಬ ಮಾಡಬೇಕು ಅಂತ ಎಲ್ಲೋ ಓದಿದ್ದೆ, ಕಣ್ಣು ಮುಚ್ಚಿ ಮಾಡಿದ್ದೆ. ಅದು ಮೇಲಿನ ಬದಿಯ ತಾಮ್ರಕ್ಕೆ ಸರಿ. ನನ್ನದು ಕೆಳಬದಿಯ ತಾಮ್ರ, ಐಸಿ ಕೂರುವುದು ಅದರ ಹಿಂಬದಿಗೆ. ಕೀಕ್ಯಾಡ್ ಅದನ್ನು ಮೇಲಿನಿಂದ ಬೋರ್ಡಿನ ಮೂಲಕ ನೋಡಿದ ಹಾಗೆ ತೋರಿಸುತ್ತದೆ. ಅಂದರೆ ಅದು ಆಗಲೇ ತಿರುಗಿದೆ. ಇಸ್ತ್ರಿ ಇಟ್ಟಾಗ ಇನ್ನೊಂದು ಸಲ ತಿರುಗಿ ಸರಿಹೋಗುತ್ತದೆ. ನಾನು ನಡುವೆ ಮತ್ತೊಂದು ಸಲ ತಿರುಗಿಸಿದ್ದೆ. ಒಂದು, ಎರಡನೇ ಬೋರ್ಡ್‌ಗಳೂ ಹೀಗೇ ಉಲ್ಟಾ ಇದ್ದವು. ತೂತು ಕೊರೆಯುವ ತನಕ ಬರದೇ ಇದ್ದದ್ದರಿಂದ ಗೊತ್ತಾಗಿರಲಿಲ್ಲ.

ಇದಕ್ಕೆ ಸುಲಭದ ಪರೀಕ್ಷೆ ಇದೆ. ತಾಮ್ರದ ಪದರದ ಮೇಲೇ ಒಂದು ಅಕ್ಷರ ಹಾಕಿ. ನಾನು ‘ಕ’ ಹಾಕಿದ್ದೇನೆ. ಕಾಗದದ ಮೇಲೆ ಅದು ಉಲ್ಟಾ ಇರಬೇಕು, ತಾಮ್ರದ ಮೇಲೆ ಸರಿಯಾಗಿ ಓದಬೇಕು. ಕಾಗದದ ಮೇಲೇ ಸರಿಯಾಗಿ ಓದಿದರೆ ಅಲ್ಲಿಗೇ ನಿಲ್ಲಿಸಿ.

ತಾಮ್ರದ ಬದಿಗೇ ಐಸಿ ಬೆಸೆದರೆ ಬೋರ್ಡ್ ಉಳಿಯುತ್ತಿತ್ತು. ಆದರೆ ಸ್ಕ್ರೂ ಟರ್ಮಿನಲ್‌ಗಳನ್ನು ಹಾಗೆ ಬೆಸೆಯಲು ಆಗುವುದಿಲ್ಲ. ಬಿಟ್ಟೆ.

ಡಿಸೆಂಬರ್ 25, ಬುಧವಾರ: ನಾಲ್ಕನೇ ಬೋರ್ಡ್

ಕೊನೇ ತುಂಡು. ಹೊಸ ಪ್ರಿಂಟ್, ‘ಕ’ ನೋಡಿದೆ, 100 ಮಿ.ಮೀ. ಗೆರೆ ಅಳೆದೆ, ಥರ್ಮೋಕೋಲ್ ಮೇಲೆ ಐಸಿ ಚುಚ್ಚಿದೆ. ಮತ್ತೆ ಅದೇ ಇಸ್ತ್ರಿ ಗಾಡಿ. ಈ ಸಲ ಅಣ್ಣ ತಾವೇ ಪಂಚೆ ತುಂಡು ತೆಗೆದಿಟ್ಟಿದ್ದರು. ಎಚ್ಚಿಂಗ್ 18 ನಿಮಿಷ. ಎರಡು ಹೊಸ ಬಿಟ್ ತಂದಿದ್ದೆ, ಒಂದು ಮುರಿಯಿತು. ಅಸಿಟೋನ್‌ನಲ್ಲಿ ಟೋನರ್ ಒರೆಸಿ, ಫ್ಲಕ್ಸ್ ಹಚ್ಚಿ, ಗೆರೆಗಳ ಮೇಲೆಲ್ಲ ತೆಳುವಾಗಿ ಬೆಸುಗೆ ಸವರಿದೆ. ತಾಮ್ರ ಹಾಗೇ ಬಿಟ್ಟರೆ ಅಡುಗೆಮನೆ ಹಬೆಗೆ ಕಪ್ಪಾಗುತ್ತದೆ. ಐಸಿ ಕೂರಿಸಿ ಚಾರ್ಜರ್ ಹಾಕಿ, ಒಂದು ಲೋಟ ನೀರಲ್ಲಿ ತಂತಿ ಅದ್ದಿದೆ. ಮೊದಲನೇ ದೀಪ ಹತ್ತಿತು. ಆರೂ ಹತ್ತಿದವು. ಬಜರ್ ಕೂಗಿತು, ಅಮ್ಮ ಹಾಲ್‌ನಿಂದ “ಏನೋ ಅದು?” ಅಂದರು.

ಖರ್ಚು ಲೆಕ್ಕ ಹಾಕಿದೆ. ಎಂಟು ಪ್ರಿಂಟ್, ನಾಲ್ಕು ಬಿಟ್, ಇಸ್ತ್ರಿಗೆ ಎರಡು ಸಲ ಎಲ್ಲ ಸೇರಿ 1080 ರೂ. ಅದರಲ್ಲಿ ಡ್ರಿಲ್ ಉಳಿಯುತ್ತದೆ, ದ್ರಾವಣ ಇನ್ನೂ ಐದಾರು ಬೋರ್ಡಿಗೆ ಆಗಬಹುದು. ದುಡ್ಡು ಉಳಿಸುವುದಕ್ಕೇ ಆದರೆ ಪಿಸಿಬಿ ಕಂಪನಿಗೆ ಕಳಿಸಿ ಮಾಡಿಸುವುದೇ ವಾಸಿ. ಬೆಳಿಗ್ಗೆ ಬರೆದ ಸರ್ಕ್ಯೂಟ್ ಸಂಜೆಗೆ ಕೈಯಲ್ಲಿ ಬೇಕು ಅನ್ನುವವರಿಗೆ ಈ ದಾರಿ.

ದ್ರಾವಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿದೆ. ಅದು ಹಸಿರುಗಪ್ಪಾಗಿ ನಿಧಾನವಾದಾಗ ಮೋರಿಗೆ ಸುರಿಯಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಅದರಲ್ಲಿ ಕರಗಿದ ತಾಮ್ರ ಇರುತ್ತದೆ. ನಮ್ಮ ಕಡೆಯ ಮೋರಿ ನೀರು ಹೋಗಿ ಸೇರುವುದು ವೃಷಭಾವತಿಗೆ. ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ನದಿ ಅಂತ ಹಿರಿಯರು ಹೇಳುವ ನೀರು ಅದು, ಈಗಲೇ ಸಾಕಷ್ಟು ಕೆಟ್ಟಿದೆ. ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿದರೆ ನೊರೆ ಬಂದು ಕೆಸರು ತಳಕ್ಕೆ ಕೂರುತ್ತದೆ. ನೊರೆ ನಿಲ್ಲುವ ತನಕ ಹಾಕಿ, ಕೆಸರನ್ನು ಒಣಗಿಸಿ, ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ, ಅಪಾಯದ ಕಸ ಎಂದು ಹೇಳಿ ಬೇರೆಯಾಗಿ ಕೊಡುವುದು ನನ್ನ ಯೋಚನೆ.

ಡಿಸೆಂಬರ್ 29, ಭಾನುವಾರ: ಟ್ಯಾಂಕಿನ ಮೇಲೆ

ಮನೆಯಲ್ಲಿ ಉಳಿದಿದ್ದ ಎಂಟೆಳೆಯ ಇಂಟರ್ನೆಟ್ ಕೇಬಲ್ ಎಳೆದೆ, ಏಳು ಎಳೆ ಬಳಕೆಗೆ, ಒಂದು ಮಿಕ್ಕಿದೆ. ನೀರಿನೊಳಗೆ ಬರೀ ತಾಮ್ರದ ತಂತಿ ಬಿಟ್ಟರೆ ಬೇಗ ಸವೆಯುತ್ತದೆ, ಅದಕ್ಕೆ ತುದಿಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ ಪಿವಿಸಿ ಪೈಪಿಗೆ ಬಿಗಿದೆ. ಮೋಟರ್ ಹಾಕಿದೆವು. ದೀಪ ಒಂದೊಂದೇ ಏರಿತು. ಆರನೆಯದು ಹತ್ತಿ ಬಜರ್ ಕೂಗಿದಾಗ ಅಮ್ಮ ಸ್ವಿಚ್ ಆರಿಸಿದರು. ಒಂದು ಹನಿ ಚೆಲ್ಲಲಿಲ್ಲ.

ಒಂದು ತೊಂದರೆ ಉಳಿದಿದೆ. ನೀರು ಇಳಿದ ಮೇಲೂ ನಾಲ್ಕನೇ ದೀಪ ಮಂಕಾಗಿ ಉರಿಯುತ್ತಿರುತ್ತದೆ, ಪೈಪು ಒಣಗುವ ತನಕ. ಒದ್ದೆ ಪೈಪಿನ ಮೈಮೇಲೇ ಸ್ವಲ್ಪ ಕರೆಂಟು ಹರಿಯುತ್ತಿದೆ. ಆ ಕರೆಂಟು ಹರಿದುಹೋಗಲಿ ಎಂದು ಐಸಿಯ ನಾಲ್ಕನೇ ಕಾಲಿನಿಂದ ಗ್ರೌಂಡಿಗೆ ಒಂದು 10ಕೆ (10,000 ಓಮ್) ರೆಸಿಸ್ಟರ್ ಹಾಕಿ ನೋಡಬೇಕು. ಬೋರ್ಡಿನಲ್ಲಿ ಅದಕ್ಕೆ ಜಾಗ ಬಿಟ್ಟಿರಲಿಲ್ಲ. ಗೆರೆ 0.8 ಮಿ.ಮೀ. ಅಗಲ ಇದೆಯಲ್ಲ, ತಾಮ್ರದ ಬದಿಗೇ ಬೆಸೆಯಬಹುದು. ಬರುವ ಭಾನುವಾರ ಆ ಕೆಲಸ.